ಹದಿನೆಂಟು ಗ್ರಾಂ ಕಡಿಮೆ ಬಿದ್ದ ಹ್ಯಾಮರ್

ನಾನು ಒಂದು ಹ್ಯಾಮರ್. ಹಾಗೆಂದ ಕೂಡಲೇ ಗೋಡೆಗೆ ಮೊಳೆ ಹೊಡೆಯುವ ಸುತ್ತಿಗೆ ಎಂದುಕೊಳ್ಳಬೇಡಿ. ಇಪ್ಪತ್ತೆರಡು ವರ್ಷ ಎಲ್ಲರಿಗೂ ಇದನ್ನೇ ವಿವರಿಸಿ ನಮ್ಮ ಕಾಲೇಜಿನ ನದಾಫ್ ಸರ್ ದಣಿದರು, ಕೇಳಿ ಕೇಳಿ ನಾನೂ ದಣಿದೆ. ನಾನು ಆಟದ ಹ್ಯಾಮರ್. ಒಂದು ಕಬ್ಬಿಣದ ಗುಂಡು, ಅದಕ್ಕೊಂದು ಉಕ್ಕಿನ ತಂತಿ, ತಂತಿಯ ತುದಿಗೊಂದು ಹಿಡಿಕೆ. ಎಲ್ಲ ಸೇರಿ ನಾಲ್ಕು ಕಿಲೋ ತೂಕ, ನಾಲ್ಕಡಿಗೆ ಒಂದು ಬೆರಳು ಕಡಿಮೆ ಉದ್ದ. ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಗರಗರ ತಿರುಗಿ, ದೂರಕ್ಕೆ ಎಸೆಯುತ್ತಾರೆ. ಎಸೆಯುವುದಕ್ಕೆಂದೇ ಮಾಡಿದ ವಸ್ತುವಾದ್ದರಿಂದ ಎಸೆದರೆಂಬ ಸಿಟ್ಟು ನನಗೆ ಯಾವತ್ತೂ ಬಂದಿಲ್ಲ. ಸಿಟ್ಟು ಬಂದದ್ದು ಒಂದೇ ಸಲ, ನನಗೆ ಬಾಯಿಲ್ಲವಲ್ಲ ಎಂದು. ಅದನ್ನು ಹೇಳುವುದಕ್ಕೇ ಈಗ ಕೂತಿದ್ದೇನೆ.

ನಾನು ಹುಟ್ಟಿದ್ದು ಎರಡು ಸಾವಿರದ ಇಸವಿಯಲ್ಲಿ, ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಒಂದು ತಾಸು ದೂರದ ಊರಿನ ಒಂದು ಲೇತ್ ಅಂಗಡಿಯಲ್ಲಿ. ಅಂಗಡಿಯವನ ಹೆಸರು ಮೌನೇಶ ಬಡಿಗೇರ. ನೇಗಿಲು, ಪಂಪಿನ ಶಾಫ್ಟು, ಟ್ರಾಲಿಯ ಕೊಂಡಿ ಮಾಡಿಕೊಂಡಿದ್ದ ಮನುಷ್ಯ. ಆ ವರ್ಷ ಸಿಡ್ನಿಯ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹೆಂಗಸರಿಗೂ ಹ್ಯಾಮರ್ ಎಸೆತ ಇಟ್ಟಿದ್ದರು. ಊರಿನ ಕಾಲೇಜಿನಲ್ಲಿ ಆಟ ಕಲಿಸುವ ದಾವಲಸಾಬ ನದಾಫ್ ಸರ್ ಅದನ್ನು ಪೇಪರಿನಲ್ಲಿ ಓದಿ, ನಮ್ಮ ವಲಯದ ಅಂತರ ಕಾಲೇಜು ಕ್ರೀಡಾಕೂಟದಲ್ಲಿಯೂ ಹುಡುಗಿಯರಿಗೆ ಈ ಸ್ಪರ್ಧೆ ಇರಬೇಕು ಎಂದು ಹಟ ಹಿಡಿದರು. ಕಾಲೇಜಿನಲ್ಲಿದ್ದದ್ದು ಗಂಡುಹುಡುಗರು ಎಸೆಯುವ ಏಳೂಕಾಲು ಕಿಲೋದ ಹ್ಯಾಮರ್ ಒಂದೇ. ಅದು ನನ್ನ ಅಣ್ಣ ಎನ್ನಿ. ಹುಡುಗಿಯರದ್ದು ಅಂಗಡಿಯಲ್ಲಿ ಸಿಗಲಿಲ್ಲ. ಸರ್ ಒಂದು ಹಾಳೆಯಲ್ಲಿ ಅಳತೆ ಬರೆದುಕೊಂಡು ಮೌನೇಶನ ಮುಂದೆ ಬಂದು ನಿಂತರು.

ಮೌನೇಶ ನನ್ನನ್ನು ಎರಕದ ಕಬ್ಬಿಣದಲ್ಲಿ ತಿರುವಿ ದುಂಡಗೆ ಮಾಡಿದ. ತೂಕ ಸಾಲದೆ ಹೊಟ್ಟೆಗೆ ತೂತು ಕೊರೆದು ಸೀಸ ಕರಗಿಸಿ ಸುರಿದ. ತಂತಿ ಸಿಕ್ಕಿಸಿ ತೂಗಿದಾಗ ನಾಲ್ಕು ಕಿಲೋ ಮೂವತ್ತು ಗ್ರಾಂ ಬಂತು. ಹೆಚ್ಚಿನದನ್ನು ಅರೆದುಬಿಡಲೇ ಎಂದು ಮೌನೇಶ ಕೇಳಿದ. ಇರಲಿ ಬಿಡು, ವರ್ಷಗಟ್ಟಲೆ ನೆಲಕ್ಕೆ ಬಡಿದುಕೊಂಡು ಸವೆಯುತ್ತದೆ, ಚಿಟಿಕೆ ಹೆಚ್ಚೇ ಇರಲಿ, ನಾಲ್ಕು ಕಿಲೋಕ್ಕೆ ಒಂದು ಗ್ರಾಂ ಕಮ್ಮಿಯಾದರೂ ಅದು ಹ್ಯಾಮರೇ ಅಲ್ಲ ಎಂದು ಸರ್ ಹೇಳಿದರು. ಆ ಮಾತನ್ನು ಅವರು ಆಮೇಲೆ ತಮ್ಮ ವಿದ್ಯಾರ್ಥಿಗಳಿಗೆಲ್ಲ ನೂರು ಸಲ ಹೇಳಿದ್ದಾರೆ.

ಹ್ಯಾಮರ್ ಏನೋ ಬಂತು, ಎಸೆಯುವವರು ಬೇಕಲ್ಲ. ಹುಡುಗಿಯರು ನನ್ನನ್ನು ನೋಡಿ ಬಾಯಿಗೆ ದಾವಣಿ ಅಡ್ಡ ಹಿಡಿದು ನಗುತ್ತಿದ್ದರು. ಒಂದು ದಿನ ಹಾಸ್ಟೆಲಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬಸ್ ನಿಲ್ದಾಣದಿಂದ ಕಬ್ಬಿಣದ ಟ್ರಂಕನ್ನು ತಲೆಯ ಮೇಲೆ ಇಟ್ಟುಕೊಂಡು ಮೈದಾನ ಹಾದು ಬಂದಳು. ಟ್ರಂಕಿಗೆ ಕೈ ಕೂಡ ಹಚ್ಚಿರಲಿಲ್ಲ. ಒಂದು ಕೈಯಲ್ಲಿ ಜೋಳದ ಹಿಟ್ಟಿನ ಚೀಲ, ಇನ್ನೊಂದರಲ್ಲಿ ಚಪ್ಪಲಿ. ನದಾಫ್ ಸರ್ ಸೀಟಿ ಊದಿ ಅವಳನ್ನು ನಿಲ್ಲಿಸಿದರು. ಹೆಸರು ಕೇಳಿದರು. ನೀಲವ್ವ ತಳವಾರ ಎಂದಳು. ಟ್ರಂಕು ಇಳಿಸಿ ಇದನ್ನೊಮ್ಮೆ ತಿರುಗಿಸಿ ಒಗೆ ಎಂದರು. ನೀಲವ್ವ ನನ್ನನ್ನು ಎತ್ತಿ ನೋಡಿ, ಇಷ್ಟು ಹಗುರದ್ದನ್ನು ಒಗೆದರೆ ಏನು ಬಂತು ಎಂಬಂತೆ ಸರ್ ಮುಖ ನೋಡಿದಳು. ಒಗೆದಳು. ಹತ್ತೊಂಬತ್ತು ಮೀಟರ್ ಹೋಗಿ ಬಿದ್ದೆ. ಅವಳೂ ಒಗೆದ ರಭಸಕ್ಕೆ ಹಿಂದಕ್ಕೆ ಬಿದ್ದಳು. ಎದ್ದು ಲಂಗ ಝಾಡಿಸಿಕೊಂಡು ಇನ್ನೊಮ್ಮೆ ಎಂದಳು.

ಅಲ್ಲಿಂದ ಮೂರು ವರ್ಷ ನನಗೆ ಬಿಡುವಿರಲಿಲ್ಲ. ದಿನಾ ಬೆಳಗ್ಗೆ ಆರಕ್ಕೆ ಸಿಮೆಂಟಿನ ವೃತ್ತದಲ್ಲಿ ಗುರು ಶಿಷ್ಯೆ ಇಬ್ಬರೂ ಹಾಜರು. ಹಳೆಯ ವಾಲಿಬಾಲ್ ಬಲೆಗಳನ್ನು ಹೊಲಿದು ಸರ್ ಒಂದು ಪಂಜರ ಕಟ್ಟಿದ್ದರು. ಒಮ್ಮೆ ನಾನು ಅದನ್ನು ಹರಿದುಕೊಂಡು ಹೋಗಿ ಪ್ರಾಚಾರ್ಯರ ಸ್ಕೂಟರಿನ ದೀಪ ಒಡೆದೆ. ಪ್ರಾಚಾರ್ಯರು ಒಂದು ವಾರ ನದಾಫ್ ಸರ್ ಮುಖ ನೋಡಲಿಲ್ಲ. ಆದರೆ ಎರಡು ಸಾವಿರದ ಮೂರರ ಕೂಟದಲ್ಲಿ ನೀಲವ್ವ ನನ್ನನ್ನು ನಲವತ್ತೊಂದು ಮೀಟರ್ ಮೂವತ್ತಾರು ಸೆಂಟಿಮೀಟರ್ ದೂರ ಎಸೆದು ವಲಯದ ದಾಖಲೆ ಮಾಡಿದಾಗ ಅದೇ ಪ್ರಾಚಾರ್ಯರು ಫೋಟೋದಲ್ಲಿ ನಡುವೆ ನಿಂತರು. ನಾನು ಅವರ ಕಾಲ ಬಳಿ ಇದ್ದೆ, ಫೋಟೋದಲ್ಲಿ ತಂತಿ ಮಾತ್ರ ಬಂತು.

ನೀಲವ್ವ ಓದು ಮುಗಿಸಿದಳು, ಆಟದ ಕೋಟಾದಲ್ಲಿ ಮುಂದಿನ ಓದಿಗೆ ಸೀಟು ಪಡೆದಳು, ನಾಲ್ಕಾರು ವರ್ಷದಲ್ಲಿ ಪಕ್ಕದ ತಾಲೂಕಿನ ಕಾಲೇಜಿಗೆ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿ ಬಂದಳು. ತಳವಾರರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳೇ ಅವಳು ಮೊದಲು. ಅವಳಿಗೆ ಈಗ ನಾನೂ ಬಹುವಚನ ಹಚ್ಚಬೇಕು. ನೀಲವ್ವ ಮೇಡಮ್ ಅವರು ಪ್ರತಿ ವರ್ಷ ಕೂಟಕ್ಕೆ ಅಧಿಕಾರಿಯಾಗಿ ಬರುತ್ತಿದ್ದರು. ಬಂದಾಗೆಲ್ಲ ನನ್ನನ್ನು ಒಮ್ಮೆ ಎತ್ತಿ ಕೆಳಗಿಡುತ್ತಿದ್ದರು. ಮಾತೇನೂ ಆಡುತ್ತಿರಲಿಲ್ಲ, ತೂಕ ನೋಡಿ ಇಡುತ್ತಿದ್ದರು.

ಅವರ ದಾಖಲೆ ಹಾಗೇ ಉಳಿಯಿತು. ನನ್ನನ್ನು ಎತ್ತಿದವರು ಆಮೇಲೆ ಬಹಳ ಮಂದಿ. ಒಬ್ಬಳು ಕಣ್ಣು ಮುಚ್ಚಿ ಎಸೆಯುತ್ತಿದ್ದಳು. ಒಬ್ಬಳು ಎಸೆಯುವ ಮುಂಚೆ ನನಗೆ ನಮಸ್ಕಾರ ಮಾಡುತ್ತಿದ್ದಳು, ಅವಳ ಕೈಯಲ್ಲಿ ನಾನು ಇಪ್ಪತ್ತು ಮೀಟರ್ ದಾಟಲಿಲ್ಲ. ವರ್ಷಕ್ಕೆ ಹತ್ತು ಹುಡುಗಿಯರು ಇದ್ದದ್ದು ಆರಾಯಿತು, ಆರು ನಾಲ್ಕಾಯಿತು. ಕಾರ್ಯಕ್ರಮ ಪಟ್ಟಿಯಲ್ಲಿ ನನ್ನನ್ನು ಬೆಳಗಿನ ಏಳು ಗಂಟೆಗೆ ಹಾಕುತ್ತಿದ್ದರು. ಪೆಂಡಾಲಿಗೆ ಕುರ್ಚಿ ಬರುವುದೇ ಒಂಬತ್ತಕ್ಕೆ. ಟೇಪು ಹಿಡಿಯುವ ಇಬ್ಬರು, ಸೀಟಿ ಊದುವ ಒಬ್ಬರು, ಮೈದಾನದ ನಾಯಿ ಎರಡು, ಇಷ್ಟೇ ಪ್ರೇಕ್ಷಕರು. ಬಿದ್ದಲ್ಲೆಲ್ಲ ನೆಲಕ್ಕೆ ಗುಂಡಿ ಮಾಡುತ್ತೇನೆಂದು ಕ್ರಿಕೆಟ್ ಆಡುವವರು ನನ್ನನ್ನು ಶಪಿಸುತ್ತಿದ್ದರು. ಒಂದು ವರ್ಷ ಕೈಜಾರಿ ಹೋಗಿ ಶಾಮಿಯಾನದ ಕಂಬಕ್ಕೆ ಬಡಿದೆ. ಯಾರಿಗೂ ಪೆಟ್ಟಾಗಲಿಲ್ಲ, ಅತಿಥಿಗಳಿಗೆಂದು ಕಾಯಿಸಿಟ್ಟಿದ್ದ ಚಹಾ ಚೆಲ್ಲಿತು ಅಷ್ಟೇ. ಆದರೂ ಆ ವರ್ಷವೇ ಹುಡುಗರ ಹ್ಯಾಮರ್ ಎಸೆತವನ್ನು ಕೂಟದಿಂದ ತೆಗೆದುಹಾಕಿದರು. ತಪ್ಪು ನನ್ನದು, ಹೋದದ್ದು ಅಣ್ಣ. ಅವನನ್ನು ಹಳೆಯ ಬೆಂಚುಗಳ ಜೊತೆ ಗುಜರಿ ಗಾಡಿಗೆ ಹಾಕಿದಾಗ ನಾನು ಕೋಣೆಯ ಬಾಗಿಲಿಗೆ ಆತುಕೊಂಡು ನೋಡುತ್ತಿದ್ದೆ.

ಉಳಿದದ್ದು ನಾನೊಂದೇ. ನನ್ನನ್ನೂ ತೆಗೆಯಬೇಕೆಂದು ಪ್ರತಿ ವರ್ಷ ಕೂಟದ ಸಮಿತಿಯಲ್ಲಿ ಮಾತು ಬರುತ್ತಿತ್ತು. ಸಮಿತಿಯ ಅಧ್ಯಕ್ಷರು ಪ್ರೊಫೆಸರ್ ಹಂಚಿನಾಳ. ಕೆಟ್ಟ ಮನುಷ್ಯರಲ್ಲ. ಎರಡು ದಿನದಲ್ಲಿ ಮೂವತ್ತೆಂಟು ಸ್ಪರ್ಧೆ ಮುಗಿಸುವ ತಲೆಬಿಸಿ ಅವರದ್ದು. ಅವರ ಕೈಗೆ ಟೋಕಿಯೋ ಒಲಿಂಪಿಕ್ಸ್ ಆದಮೇಲೆ ಒಂದು ಒಳ್ಳೆಯ ಅಸ್ತ್ರ ಸಿಕ್ಕಿತು. ಐವತ್ತು ಕಿಲೋಮೀಟರ್ ನಡಿಗೆಯ ಸ್ಪರ್ಧೆ ಅದೇ ಕೊನೆ, ಇನ್ನು ಮುಂದೆ ಇಲ್ಲವೆಂದು ಅಲ್ಲಿ ತೀರ್ಮಾನವಾಗಿತ್ತು. ಹಂಚಿನಾಳರು ಆ ಪೇಪರನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡೇ ಸಭೆಗೆ ಬಂದರು. ಒಲಿಂಪಿಕ್ಸ್‌ನವರೇ ಬೇಡವಾದದ್ದನ್ನು ಬಿಡುತ್ತಾರೆ, ನಾವು ಯಾವ ದೊಡ್ಡವರು ಎಂದರು. ಸಭೆ ನಡೆದದ್ದು ಆಟದ ಸಾಮಾನಿನ ಕೋಣೆಯಲ್ಲೇ ಆದ್ದರಿಂದ ನಾನು ಎಲ್ಲವನ್ನೂ ಕೇಳಿಸಿಕೊಂಡೆ.

ನದಾಫ್ ಸರ್ ಇಂಥ ಮಾತಿಗೆ ಸೋಲುವವರಲ್ಲ. ಒಲಿಂಪಿಕ್ಸ್‌ನಲ್ಲಿ ಒಂದು ಕಾಲಕ್ಕೆ ಹಗ್ಗ ಜಗ್ಗಾಟ ಇತ್ತು, ನಿಂತಲ್ಲಿಂದಲೇ ಜಿಗಿಯುವುದಿತ್ತು, ಒಮ್ಮೆ ಬಲಗೈ ಒಮ್ಮೆ ಎಡಗೈಯಿಂದ ಭರ್ಜಿ ಎಸೆಯುವುದಿತ್ತು, ಐವತ್ತಾರು ಪೌಂಡಿನ ಗುಂಡು ಎಸೆಯುವುದಿತ್ತು ಎಂದು ಬೆರಳು ಮಡಚಿ ಎಣಿಸಿದರು. ಅವನ್ನೆಲ್ಲ ಕೈಬಿಟ್ಟರಲ್ಲ, ಯಾರಾದರೂ ಅತ್ತರೇ ಎಂದು ಹಂಚಿನಾಳರು ಕೇಳಿದರು.

“ಅತ್ತವರು ನಿಮಗ ಕಾಣಲಿಲ್ರಿ, ಅಷ್ಟ. ಹದಿನೈದ ವರ್ಷ ಒಂದ ಕೆಲಸಕ್ಕ ಮೈ ಹಣ್ಣ ಮಾಡಿದಾಂವಗ ನಾಳಿಂದ ನಿನ್ನ ಆಟ ಇಲ್ಲಾಂದ್ರ ಅಂವ ಎಲ್ಲಿ ಹೋಗಬೇಕ್ರಿ?” ಎಂದರು ನದಾಫ್ ಸರ್.

ಸಭೆ ಒಂದು ಒಪ್ಪಂದಕ್ಕೆ ಬಂತು. ಮುಂದಿನ ಕೂಟಕ್ಕೆ ಮೂರು ಕಾಲೇಜುಗಳಿಂದ ಹೆಸರು ಬಂದರೆ, ಒಂದು ಅಪಘಾತವೂ ಇಲ್ಲದೆ ಸ್ಪರ್ಧೆ ಮುಗಿದರೆ ಹ್ಯಾಮರ್ ಉಳಿಯುತ್ತದೆ. ಇಲ್ಲವಾದರೆ ಅದೇ ಕೊನೆ. ನದಾಫ್ ಸರ್ ನಿವೃತ್ತಿಗೆ ಆಗ ಒಂದು ವರ್ಷ ಉಳಿದಿತ್ತು.

ಆ ವರ್ಷ ನನ್ನ ಬಗ್ಗೆ ಏನೆಲ್ಲ ಮಾತಾಯಿತೋ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇಟ್ಟರು, ಒಲಿಂಪಿಕ್ಸ್‌ನಿಂದ ಟ್ರ್ಯಾಕ್ ಅಂಡ್ ಫೀಲ್ಡ್ ಸ್ಪರ್ಧೆಗಳನ್ನು ಕೈಬಿಡಬೇಕೇ ಎಂಬ ವಿಷಯ. ಓಡುವುದು, ಜಿಗಿಯುವುದು, ಎಸೆಯುವುದು, ಇದನ್ನೆಲ್ಲ ಈ ಕಾಲದಲ್ಲಿ ಯಾರು ನೋಡುತ್ತಾರೆ ಎಂದು ಒಬ್ಬ ಗುಡುಗಿದ. ಇವೇ ಇಲ್ಲದಿದ್ದರೆ ಒಲಿಂಪಿಕ್ಸ್ ಎಲ್ಲಿಯದು ಎಂದು ಇನ್ನೊಬ್ಬಳು ಮೇಜು ಗುದ್ದಿದಳು. ನನ್ನನ್ನು ವೇದಿಕೆಯ ಮೇಲೆ ಹೂಕುಂಡದ ಪಕ್ಕ ಪ್ರದರ್ಶನಕ್ಕಿಟ್ಟಿದ್ದರು. ಎರಡು ತಾಸು ಪರ ವಿರೋಧ ನಡೆಯಿತು. ಮಾತಾಡಿದ ಹದಿನಾಲ್ಕು ಜನರಲ್ಲಿ ಒಬ್ಬರಾದರೂ ನನ್ನನ್ನು ಎತ್ತಿ ನೋಡಿದ್ದರೆ ನನಗೆ ಇಷ್ಟು ಸುಸ್ತಾಗುತ್ತಿರಲಿಲ್ಲ. ಬಹುಮಾನ, ಕೈಬಿಡಬಾರದು ಎಂದ ವಿರೋಧ ಪಕ್ಷಕ್ಕೆ ಬಂತು.

ನದಾಫ್ ಸರ್ ಬಸ್ಸು ಹತ್ತಿ ಇಳಿದು ಮೂರು ಕಾಲೇಜು ಹೊಂದಿಸಿದರು. ನೀಲವ್ವ ಮೇಡಮ್ ತಮ್ಮ ಕಾಲೇಜಿನಿಂದ ಒಬ್ಬ ಹುಡುಗಿಯ ಹೆಸರು ಕೊಟ್ಟರು. ಇನ್ನೊಂದು ಕಾಲೇಜಿನವರು ಖೋಖೋ ಆಡುವವಳೊಬ್ಬಳನ್ನು ಪುಸಲಾಯಿಸಿ ಸೇರಿಸಿದರು. ಮೂರನೆಯವಳು ಸರ್ ಅವರ ಕೊನೆಯ ಶಿಷ್ಯೆ, ಭಾರತಿ ಗುಡಗೇರಿ. ಬೀಡು ಕಬ್ಬಿಣದಂಥ ಮೈಕಟ್ಟು, ಮಾತು ಕಡಿಮೆ. ಇಷ್ಟು ವರ್ಷಗಳಲ್ಲಿ ನನ್ನನ್ನು ನಲವತ್ತರ ಹತ್ತಿರ ಎಸೆದವಳು ಅವಳೊಬ್ಬಳೇ. ಅವಳ ಕೈಯಲ್ಲಿ ನನಗೂ ಮತ್ತೆ ಹುರುಪು ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಕೂಟದ ಹಿಂದಿನ ಸಂಜೆ ಎಲ್ಲ ಸಾಮಾನುಗಳ ತೂಕ ನೋಡುವುದು ನಮ್ಮ ವಲಯದ ಪದ್ಧತಿ. ಗುಂಡು, ಡಿಸ್ಕ್, ಭರ್ಜಿ, ನಾನು, ಎಲ್ಲರನ್ನೂ ಸಾಲಾಗಿ ಇಟ್ಟು ಒಂದೊಂದಾಗಿ ತೂಗಿ, ಸರಿ ಇದ್ದದ್ದಕ್ಕೆ ಹಳದಿ ಬಣ್ಣದ ಒಂದು ಚುಕ್ಕಿ ಇಡುತ್ತಾರೆ. ಚುಕ್ಕಿ ಇಲ್ಲದ್ದು ಮೈದಾನಕ್ಕೆ ಇಳಿಯುವಂತಿಲ್ಲ, ಚುಕ್ಕಿ ಇದ್ದದ್ದನ್ನು ಮತ್ತೆ ಯಾರೂ ಕೇಳುವುದಿಲ್ಲ. ಆ ವರ್ಷ ತೂಕದ ಅಧಿಕಾರಿ ನೀಲವ್ವ ಮೇಡಮ್. ಅವರು ನನ್ನನ್ನು ತಕ್ಕಡಿಗೆ ಹಾಕಿದರು. ನಾಲ್ಕು ಕಿಲೋ ಮೂರು ಗ್ರಾಂ. ಇಪ್ಪತ್ತೆರಡು ವರ್ಷದ ತುಕ್ಕು, ಕೆಸರು, ಹಳೆಯ ಬಣ್ಣ ಎಲ್ಲ ಸೇರಿ. ಅವರು ಪುಸ್ತಕದಲ್ಲಿ ಬರೆದು ನನ್ನ ಹೊಟ್ಟೆಗೆ ಚುಕ್ಕಿ ಇಟ್ಟರು. ಆ ಹೊತ್ತಿಗೆ ಅಲ್ಲಿಗೆ ಬಂದ ಹಂಚಿನಾಳರು ನನ್ನನ್ನು ಬೂಟಿನಿಂದ ಮೆಲ್ಲಗೆ ಉರುಳಿಸಿ, ಈ ತುಕ್ಕು ಹಿಡಿದ ಗುಂಡಿಗಾಗಿ ಇಷ್ಟು ಜಗಳವೇ ನದಾಫರೇ ಎಂದು ನಕ್ಕು ಮುಂದೆ ಹೋದರು.

ನದಾಫ್ ಸರ್ ನಗಲಿಲ್ಲ. ಅವರ ಕಿವಿ ಕೆಂಪಾದದ್ದನ್ನು ನಾನು ಕೆಳಗಿನಿಂದ ಕಂಡೆ. ಕೂಟ ಅವರದೇ ಕಾಲೇಜಿನಲ್ಲಿ, ಕೋಣೆಯ ಬೀಗದ ಕೈ ಅವರ ಹತ್ತಿರವೇ. ಎಲ್ಲರೂ ಚಹಾಕ್ಕೆ ಹೋದಮೇಲೆ ನನ್ನನ್ನು ಚೀಲಕ್ಕೆ ಹಾಕಿಕೊಂಡು ಸೈಕಲ್ ಏರಿದರು. ಹೋದದ್ದು ಮೌನೇಶನ ಅಂಗಡಿಗೆ. ಮೌನೇಶನಿಗೂ ಈಗ ಮೀಸೆ ಬೆಳ್ಳಗಾಗಿತ್ತು. ನನ್ನನ್ನು ಕೈಯಲ್ಲಿ ತಿರುಗಿಸಿ ನೋಡಿ, ಗುರುತು ಹಿಡಿದ. ನಾಳೆ ಮಂತ್ರಿಗಳು, ಪೇಪರಿನವರು ಎಲ್ಲ ಬರುತ್ತಾರೆ, ಹೊಸ ಮದುಮಗಳ ಹಾಗೆ ಹೊಳೆಯಬೇಕು ಎಂದು ಸರ್ ಹೇಳಿದರು. ಹಳದಿ ಚುಕ್ಕಿಯೊಂದನ್ನು ಮಾತ್ರ ಮುಟ್ಟಕೂಡದು, ಅದು ಸರಕಾರದ ಸಿಕ್ಕಾ ಇದ್ದಂತೆ ಎಂದು ಎರಡು ಸಲ ಎಚ್ಚರಿಸಿದರು.

ಮೌನೇಶ ಚುಕ್ಕಿಯ ಸುತ್ತ ಒಂದು ರೂಪಾಯಿ ಅಗಲ ಜಾಗ ಬಿಟ್ಟು ನನ್ನನ್ನು ಸಾಣೆಯ ಚಕ್ರಕ್ಕೆ ಹಿಡಿದ. ತುಕ್ಕು ಹೋಯಿತು, ಬಣ್ಣ ಹೋಯಿತು, ಕಲ್ಲಿಗೆ ಬಡಿದು ಎದ್ದಿದ್ದ ಉಬ್ಬುಗಳೆಲ್ಲ ಹೋದವು. ಕೆಂಪು ಪುಡಿ ನೆಲದ ಮೇಲೆ ಬಿದ್ದದ್ದನ್ನು ಪೊರಕೆಯಿಂದ ಗುಡಿಸಿ ಹೊರಗೆ ಹಾಕಿದ. ನದಾಫ್ ಸರ್ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತ ನೋಡುತ್ತಿದ್ದರು. ಒಂದು ಗ್ರಾಂ ಕಮ್ಮಿಯಾದರೂ ಅದು ಹ್ಯಾಮರೇ ಅಲ್ಲ ಎಂದು ನೂರು ಸಲ ಹೇಳಿದ ಮನುಷ್ಯರಿಗೆ ಆ ಸಂಜೆ ಅದು ನೆನಪಾಗಲೇ ಇಲ್ಲ. ನನಗೆ ಗೊತ್ತಾಗುತ್ತಿತ್ತು. ನನ್ನ ತೂಕ ನನಗಲ್ಲದೆ ಯಾರಿಗೆ ಗೊತ್ತಾಗಬೇಕು? ಆದರೆ ಕೂಗುವುದು ಹೇಗೆ?

ಮರುದಿನ ಬೆಳಗ್ಗೆ ಏಳಕ್ಕೆ ನಾನು ವೃತ್ತದ ಬಳಿ ಥಳಥಳ ಹೊಳೆಯುತ್ತ ಕೂತಿದ್ದೆ. ನೀಲವ್ವ ಮೇಡಮ್ ಬಂದರು. ಯಾವಾಗಿನಂತೆ ನನ್ನನ್ನು ಒಮ್ಮೆ ಎತ್ತಿದರು. ಒಂದು ಗಳಿಗೆ ಹಾಗೇ ಹಿಡಿದುಕೊಂಡು ನಿಂತರು. ಹೊಟ್ಟೆಯ ಮೇಲಿನ ಚುಕ್ಕಿ ನೋಡಿದರು, ದೂರದಲ್ಲಿ ಬಲೆ ಬಿಗಿಯುತ್ತಿದ್ದ ನದಾಫ್ ಸರ್ ಕಡೆ ನೋಡಿದರು. ಕೆಳಗಿಟ್ಟು ಹೋದರು.

ಖೋಖೋ ಹುಡುಗಿ ನನ್ನನ್ನು ಹನ್ನೊಂದು ಮೀಟರ್ ಎಸೆದು ನಗುತ್ತ ಓಡಿದಳು. ಮೇಡಮ್ ಶಿಷ್ಯೆ ಇಪ್ಪತ್ತೆಂಟು. ಭಾರತಿ ತನ್ನ ನಾಲ್ಕನೆಯ ಎಸೆತಕ್ಕೆ ಬಂದು ಮೂರು ಸುತ್ತು ತಿರುಗಿ ಕೈಬಿಟ್ಟಾಗ ನಾನು ಎಂದೂ ಕಾಣದಷ್ಟು ನೆಲವನ್ನು ಕೆಳಗೆ ಕಂಡೆ. ಟೇಪು ಎಳೆದರು. ನಲವತ್ತೊಂದು ಮೀಟರ್ ಎಪ್ಪತ್ತು. ಹತ್ತೊಂಬತ್ತು ವರ್ಷದ ದಾಖಲೆ ಮುರಿದಿತ್ತು, ಮೂವತ್ತನಾಲ್ಕು ಸೆಂಟಿಮೀಟರಿನಿಂದ. ನದಾಫ್ ಸರ್ ಬಲೆಯ ಕಂಬ ಹಿಡಿದುಕೊಂಡು ಅತ್ತರು. ಹಂಚಿನಾಳರು ಕೂಡ ಓಡಿ ಬಂದು ಕೈಕುಲುಕಿ, ಇನ್ನು ಇದನ್ನು ತೆಗೆಯುವ ಮಾತೇ ಇಲ್ಲ ಎಂದರು. ದಾಖಲೆ ಕಳೆದುಕೊಂಡ ನೀಲವ್ವ ಮೇಡಮ್ ಭಾರತಿಯ ಬೆನ್ನು ತಟ್ಟಿದರು.

ದಾಖಲೆಯಾದರೆ ಎಸೆದ ವಸ್ತುವನ್ನು ಮತ್ತೆ ತೂಗಬೇಕೆಂಬುದು ನಿಯಮ. ಮೇಡಮ್ ನನ್ನನ್ನು ಕೋಣೆಗೆ ಒಯ್ದು ತಕ್ಕಡಿಗೆ ಹಾಕಿದರು. ಪಕ್ಕದಲ್ಲಿ ನದಾಫ್ ಸರ್ ಒಬ್ಬರೇ ಇದ್ದರು, ಹಂಚಿನಾಳರು ಬಾಗಿಲಲ್ಲಿ ಫೋನಿನಲ್ಲಿದ್ದರು. ಅಂಕಿ ಬಂತು. ಮೂರು ಕಿಲೋ ಒಂಬೈನೂರ ಎಂಬತ್ತೆರಡು. ಹದಿನೆಂಟು ಗ್ರಾಂ ಕಡಿಮೆ. ನದಾಫ್ ಸರ್ ಮುಖದ ಬಣ್ಣ ಇಳಿಯಿತು. ಆಗ ಅವರಿಗೆ ನೆನಪಾಯಿತು, ಎಲ್ಲವೂ ನೆನಪಾಯಿತು.

ಮೇಡಮ್ ನನ್ನನ್ನು ಇಳಿಸಿ ಮತ್ತೆ ಇಟ್ಟರು. ಅದೇ ಅಂಕಿ. ಪೆನ್ನು ಕೈಯಲ್ಲಿತ್ತು. ನಾಲ್ಕು ಎಂದು ಬರೆದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು, ಭಾರತಿಗೆ ದಾಖಲೆ, ಸರ್‌ಗೆ ಗೆಲುವು, ನನಗೆ ಉಳಿವು. ನಷ್ಟವಾಗುವುದು ಅವರ ಹಳೆಯ ದಾಖಲೆಗೆ ಮಾತ್ರ. ಅವರು ಬಹಳ ಹೊತ್ತು ಪೆನ್ನು ಹಿಡಿದು ನಿಂತರು. ಕೊನೆಗೆ ಕಂಡದ್ದನ್ನೇ ಬರೆದರು.

ಹಂಚಿನಾಳರು ಬಂದು ನೋಡಿ, ನಿನ್ನೆ ಸರಿ ಇದ್ದದ್ದು ಇವತ್ತು ಹೇಗೆ ಕಡಿಮೆಯಾಯಿತು ಎಂದು ಇಬ್ಬರನ್ನೂ ಕೇಳಿದರು. ಮೇಡಮ್ ನದಾಫ್ ಸರ್ ಕಡೆ ನೋಡಿದರು. ನದಾಫ್ ಸರ್ ಬಾಯಿ ತೆರೆದರು. ಈಗ ಹೇಳುತ್ತಾರೆ ಎಂದು ನಾನು ಕಾದೆ.

“ನಿನ್ನೆ ತಕ್ಕಡಿ ತಪ್ಪಿರಬೇಕ್ರಿ,” ಎಂದರು.

ನಿನ್ನೆ ತಕ್ಕಡಿ ಹಿಡಿದವರು ನೀಲವ್ವ ಮೇಡಮ್. ಆಮೇಲೆ ನಡೆದದ್ದನ್ನು ಉದ್ದ ಮಾಡಿ ಹೇಳುವ ಶಕ್ತಿ ನನಗಿಲ್ಲ. ಹಗುರವಾದ ಹ್ಯಾಮರಿನಲ್ಲಿ ಎಸೆದದ್ದೆಂದು ಇಡೀ ಸ್ಪರ್ಧೆಯ ಫಲಿತಾಂಶ ಹೊಡೆದುಹಾಕಿದರು. ಸಂಜೆಯ ಹೊತ್ತಿಗೆ ಮೈದಾನದ ತುಂಬ ಒಂದೇ ಮಾತು. ಹಿಂದಿನ ದಿನ ಚುಕ್ಕಿ ಇಟ್ಟವಳೂ ಅವಳೇ, ತನ್ನ ದಾಖಲೆ ಮುರಿದ ಕೂಡಲೇ ಕಡಿಮೆ ಎಂದವಳೂ ಅವಳೇ, ಹೆಣ್ಣಿನ ಹೊಟ್ಟೆಕಿಚ್ಚು ನೋಡು ಎಂದು. ಊರಿನ ಒಂದು ಸಣ್ಣ ಪೇಪರಿನಲ್ಲಿಯೂ ಪ್ರಶ್ನೆ ಹಾಕಿ ಬರೆದರು. ಭಾರತಿ ಮೇಡಮ್ ಎದುರಿಗೆ ಬಂದಾಗ ನಮಸ್ಕಾರ ಮಾಡದೆ ಹೋದಳು. ತಿಂಗಳೊಳಗೆ ಸಮಿತಿ ಸೇರಿ ಇಂಥ ತಕರಾರಿನ ಸ್ಪರ್ಧೆಯೇ ಬೇಡವೆಂದು ಹ್ಯಾಮರ್ ಎಸೆತವನ್ನು ಕೈಬಿಟ್ಟಿತು. ಮೇಡಮ್ ಅವರನ್ನು ಅಧಿಕಾರಿಗಳ ಪಟ್ಟಿಯಿಂದಲೂ ಕೈಬಿಟ್ಟಿತು. ನನ್ನನ್ನು ಸಾಕ್ಷಿಯೆಂದು ಅವರದೇ ಕಾಲೇಜಿನ ಕೋಣೆಯಲ್ಲಿ ಇಡಲು ಹೇಳಿದರು. ಹಾಗೆ ನಾನು ಇಲ್ಲಿಗೆ ಬಂದೆ, ಮುರಿದ ಕೇರಂ ಬೋರ್ಡುಗಳ ಕೆಳಗಿನ ಹಲಗೆಗೆ.

ಸಾಕ್ಷಿ ಎಂದರೆ ನಾನು ನಿಜವಾದ ಸಾಕ್ಷಿಯೇ. ಚಕ್ರಕ್ಕೆ ಹಿಡಿದದ್ದು ಯಾರು, ಹಿಡಿಸಿದ್ದು ಯಾರು, ಎಲ್ಲ ಕಂಡಿದ್ದೇನೆ. ಯಾರೂ ನನ್ನನ್ನು ಏನನ್ನೂ ಕೇಳಲಿಲ್ಲ. ಮೇಡಮ್ ದಿನಾ ಬಂದು ಚೆಂಡು ತೆಗೆಯುತ್ತಿದ್ದರು, ಬಲೆ ತೆಗೆಯುತ್ತಿದ್ದರು, ನನ್ನ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ನನಗೆ ಅವರನ್ನು ನೋಡಿ ಹೊಟ್ಟೆಯ ಸೀಸ ಕರಗಿದಂತಾಗುತ್ತಿತ್ತು.

ಒಂದೂವರೆ ವರ್ಷವಾದ ಮೇಲೆ ಒಂದು ಮಧ್ಯಾಹ್ನ ನದಾಫ್ ಸರ್ ಬಂದರು. ನಿವೃತ್ತರಾಗಿ ವರ್ಷವಾಗುತ್ತ ಬಂದಿತ್ತು. ಸೊರಗಿದ್ದರು, ಕೊರಳಲ್ಲಿ ಸೀಟಿ ಇರಲಿಲ್ಲ. ಮೇಡಮ್ ಎದ್ದು ಕುರ್ಚಿ ಕೊಟ್ಟರು, ಚಹಾಕ್ಕೆ ಹೇಳುತ್ತೇನೆ ಎಂದರು. ಬೇಡವೆಂದರು ಸರ್. ಹಲಗೆಯಿಂದ ನನ್ನನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ನನ್ನ ಮೇಲೆ ಮತ್ತೆ ತೆಳುವಾಗಿ ತುಕ್ಕು ಕೂತಿತ್ತು.

“ನೀಲಾ, ಚುಕ್ಕಿ ಇಟ್ಟ ಮ್ಯಾಲೆ ಇದನ್ನ ತಿಕ್ಕಿಸಿದಾಂವ ನಾನ. ಮೌನೇಶನ ಅಂಗಡ್ಯಾಗ. ನೀ ತೂಗಿದ್ದು ಸರಿ ಇತ್ತು.”

ಮೇಡಮ್ ಕುರ್ಚಿ ಎಳೆದುಕೊಂಡು ಅವರೆದುರು ಕೂತರು.

“ನನಗ ಗೊತ್ತೈತ್ರಿ ಸರ್. ಸಂಜಿಮುಂದ ತುಕ್ಕು ಹಿಡಿದದ್ದು ಮುಂಜಾನಿ ಹೊಳೀತಿತ್ತು. ಎತ್ತಿದ ಕೂಡ್ಲೆ ಕೈಗೆ ಹತ್ತಿತು, ಹಗರ ಆಗೇತಿ ಅಂತ. ಮತ್ತ ತೂಗಬೇಕಾಗಿತ್ತು ನಾನು. ನಿಮ್ಮ ಮುಂದ ತಕ್ಕಡಿ ಹಿಡ್ಯಾಕ ಮನಸ ಬರಲಿಲ್ಲ. ತಪ್ಪು ನಂದೂ ಐತ್ರಿ.”

ಸರ್ ತಲೆ ಎತ್ತಲಿಲ್ಲ. ಹಾಗಾದರೆ ಅವತ್ತು ಯಾಕೆ ಹೇಳಲಿಲ್ಲ ಎಂದು ಕೇಳಿದರು. ನಿಮ್ಮ ನಿವೃತ್ತಿಗೆ ಆರು ತಿಂಗಳಿತ್ತು ಸರ್, ನನಗೆ ಇನ್ನೂ ಹದಿನೆಂಟು ವರ್ಷ ಕೆಲಸವಿದೆ, ಕೆಟ್ಟ ಹೆಸರು ತೊಳೆದುಕೊಳ್ಳುವುದಕ್ಕೆ ನನಗೇ ಹೆಚ್ಚು ದಿನ ಇವೆ ಎಂದು ಲೆಕ್ಕ ಹಾಕಿದೆ ಎಂದರು ಮೇಡಮ್. ಅದು ಬಹಳ ಸಲ ಒಳಗೊಳಗೇ ಹೇಳಿಕೊಂಡ ಮಾತಿನಂತಿತ್ತು. ಹಾಗೆ ಎಂದವರೇ, ನೀವಾದರೂ ಹೇಳುತ್ತೀರಿ ಎಂದು ಒಂದು ವರ್ಷ ಕಾದೆ, ಆಮೇಲೆ ಕಾಯುವುದನ್ನು ಬಿಟ್ಟೆ ಎಂದೂ ಸೇರಿಸಿದರು. ಸರ್ ಅಳುವುದನ್ನು ನಾನು ಎರಡನೆಯ ಸಲ ಕಂಡೆ. ಈ ಸಲ ಹಿಡಿದುಕೊಳ್ಳಲು ಕಂಬವಿರಲಿಲ್ಲ, ನನ್ನನ್ನೇ ಹಿಡಿದುಕೊಂಡರು.

ಅಲ್ಲೇ ಕೂತು ಸಮಿತಿಗೆ ಪತ್ರ ಬರೆದರು. ನಡೆದದ್ದನ್ನೆಲ್ಲ ಬರೆದು, ನೀಲವ್ವ ತಳವಾರರ ಮೇಲಿನ ಸಂಶಯ ತೆಗೆದು ಕಡತದಲ್ಲಿ ನಮೂದಿಸಬೇಕೆಂದು ಕೇಳಿಕೊಂಡು, ರಿಜಿಸ್ಟರ್ ಅಂಚೆಗೆ ಹಾಕಿದರು. ಎರಡು ತಿಂಗಳಾಯಿತು. ಉತ್ತರ ಬಂದ ದಿನ ಸರ್ ಅದನ್ನು ಹಿಡಿದುಕೊಂಡು ಮತ್ತೆ ಬಂದರು. ಮೇಡಮ್ ಗಟ್ಟಿಯಾಗಿ ಓದಿದ್ದರಿಂದ ನನಗೂ ಗೊತ್ತಾಯಿತು. ಹ್ಯಾಮರ್ ಎಸೆತವು ಈಗ ಕೂಟದ ಕಾರ್ಯಕ್ರಮದಲ್ಲಿ ಇಲ್ಲದಿರುವುದರಿಂದ, ಸದರಿ ಸ್ಪರ್ಧೆಗೆ ಸಂಬಂಧಿಸಿದ ಕಡತಗಳನ್ನು ಮುಕ್ತಾಯಗೊಳಿಸಲಾಗಿದೆ, ತಮ್ಮ ಮನವಿಯನ್ನು ಪರಿಶೀಲಿಸಲು ಅವಕಾಶವಿರುವುದಿಲ್ಲ. ಕೆಳಗೆ ಸಹಿ, ಮೊಹರು. ಜೊತೆಗೆ ವಲಯದ ದಾಖಲೆಗಳ ಹೊಸ ಪಟ್ಟಿಯನ್ನೂ ಕಳಿಸಿದ್ದರು. ಅದರಲ್ಲಿ ಗುಂಡು ಎಸೆತವಾದ ಮೇಲೆ ಡಿಸ್ಕ್, ಡಿಸ್ಕ್ ಆದ ಮೇಲೆ ಭರ್ಜಿ. ನಲವತ್ತೊಂದು ಮೀಟರ್ ಮೂವತ್ತಾರೂ ಇರಲಿಲ್ಲ, ಎಪ್ಪತ್ತೂ ಇರಲಿಲ್ಲ.

ಒಂದು ಸ್ಪರ್ಧೆಯನ್ನು ಪಟ್ಟಿಯಿಂದ ತೆಗೆದರೆ ಏನು ಹೋಗುತ್ತದೆ ಎಂದು ನಾನು ಇಷ್ಟು ವರ್ಷ ಬೇಕಾದಷ್ಟು ವಾದ ಕೇಳಿದ್ದೇನೆ. ಇದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಆಟ ಹೋಗುವಾಗ ಅದರಲ್ಲಿ ಸರಿಯಾಗಿ ನಡೆದುಕೊಂಡವರ ಹೆಸರನ್ನೂ ಕಟ್ಟಿಕೊಂಡು ಹೋಗುತ್ತದೆ, ತಪ್ಪು ಮಾಡಿದವರಿಗೆ ತಪ್ಪೆಂದು ಹೇಳಿಕೊಳ್ಳಲು ಜಾಗವನ್ನೂ ಬಿಡುವುದಿಲ್ಲ.

ನದಾಫ್ ಸರ್ ಪತ್ರ ಮಡಚಿ ಮೇಜಿನ ಮೇಲಿಟ್ಟರು. ತಕ್ಕಡಿ ತರಲು ಹೇಳಿದರು. ಮೇಡಮ್ ತಂದಿಟ್ಟರು, ನನ್ನನ್ನು ಸರ್ ತಾವೇ ಎತ್ತಿ ಇಟ್ಟರು. ಮೂರು ಕಿಲೋ ಒಂಬೈನೂರ ಎಂಬತ್ತೆರಡು. ಒಂದು ರಟ್ಟಿನ ಚೀಟಿ ಕತ್ತರಿಸಿ, ದೊಡ್ಡದಾಗಿ ಬರೆದರು: ‘ಗುರುತು ಹಾಕಿದ ಮೇಲೆ ಈ ಹ್ಯಾಮರನ್ನು ಅರೆಸಿದವನು ನಾನು. ನೀಲವ್ವ ತಳವಾರ ಎರಡೂ ಸಲ ಸರಿಯಾಗಿ ತೂಗಿದ್ದಾಳೆ. ದಾ. ಹು. ನದಾಫ್.’ ಸಹಿಯ ಕೆಳಗೆ ತಾರೀಕು ಹಾಕಿ, ಚೀಟಿಗೆ ದಾರ ಪೋಣಿಸಿ, ಗುಂಡಿಗೆ ತಂತಿ ಸೇರುವಲ್ಲಿ ನನ್ನ ಕುತ್ತಿಗೆಗೆ ಎರಡು ಗಂಟು ಹಾಕಿ ಕಟ್ಟಿದರು.

ನನಗೆ ಕೊನೆಗೂ ಬಾಯಿ ಬಂತು. ಈ ಹಲಗೆಯ ಮೇಲೆ ಈ ಚೀಟಿಯನ್ನು ಕುತ್ತಿಗೆಗೆ ಹಾಕಿಕೊಂಡೇ ಕೂತಿದ್ದೇನೆ. ಓದುವವರು ಇನ್ನೂ ಯಾರೂ ಈ ಕೋಣೆಗೆ ಬಂದಿಲ್ಲ.